ಕಟ್ಟಿದವನು ಹಿಂದೆ ಕೂರಬೇಕು

ಅತ್ತೆ ಶೆಡ್ಡಿಗೆ ಒಯ್ದ ಟೀ ಕುಡಿಯದೆ ವಾಪಸು ಬರುತ್ತಿದೆ ಎಂಬುದು ಮೊದಲು ಗೊತ್ತಾದದ್ದು ಸೊಸೆಗೆ. ಪಾತ್ರೆ ತೊಳೆಯುವವರಿಗೆ ತಿಳಿಯದ ಗುಟ್ಟು ಯಾವ ಮನೆಯಲ್ಲೂ ಇರುವುದಿಲ್ಲ. ಯಾರು ಎಷ್ಟು ಉಂಡರು, ಯಾರು ಸಿಟ್ಟಿನಲ್ಲಿ ತಟ್ಟೆ ತಳ್ಳಿ ಎದ್ದರು, ಎಲ್ಲವೂ ಕೊನೆಗೆ ನಲ್ಲಿಯ ಬುಡಕ್ಕೆ ಬಂದು ಬೀಳುತ್ತದೆ. ಲೋಟ ಹೋಗುವಾಗ ಎಷ್ಟು ತುಂಬಿತ್ತೋ ಬರುವಾಗಲೂ ಅಷ್ಟೇ ತುಂಬಿರುತ್ತಿತ್ತು. ಕೆನೆ ಮಾತ್ರ ಸುಕ್ಕುಗಟ್ಟಿ ಅಂಚಿಗೆ ಅಂಟಿಕೊಂಡಿರುತ್ತಿತ್ತು.

“ಮಾವ ಟೀ ಬಿಟ್ರಾ ಅತ್ತೆ?” ಎಂದು ಒಂದು ದಿನ ಕೇಳಿಯೇಬಿಟ್ಟಳು.

“ಅವರ್ಯಾಕೆ ಬಿಡ್ತಾರೆ? ಕೆಲಸದ ಗಡಿಬಿಡೀಲಿ ಮರ್ತಿರ್ತಾರೆ.”

“ದಿನಾ ಮರೀತಾರಾ?”

“ಒಂದು ಲೋಟ ಹಾಲು ಉಳಿಸಿ ಮಹಡಿ ಕಟ್ಟಿಸಬೇಕಾ ನಿಂಗೆ? ಸುಮ್ನೆ ತೊಳಿ.”

ಸೊಸೆ ತೊಳೆದಳು. ಆದರೆ ಅತ್ತೆ ಹಾಗೆ ಸಿಡುಕುವವರಲ್ಲ. ಬೀದಿಯವರೆಲ್ಲ ಅವರನ್ನು ಸೋಪಮ್ಮ ಎಂದು ಕರೆಯುತ್ತಿದ್ದರು. ಕೈಗೆ ಸಿಕ್ಕಿದ್ದನ್ನು ತೊಳೆದು ಒಣಹಾಕುವುದೊಂದೇ ಅವರಿಗಿದ್ದ ಹುಚ್ಚು. ಬಾಗಿಲ ಚಿಲಕ, ಕೊಡೆಯ ಹಿಡಿ, ಪಕ್ಕದ ಮನೆಯ ಬೆಕ್ಕು ಯಾವುದೂ ಆ ಕೈಯಿಂದ ತಪ್ಪಿಸಿಕೊಂಡಿರಲಿಲ್ಲ. ಗಂಡ ಮುಂದಿನ ಶೆಡ್ಡಿನಲ್ಲಿ ಗ್ರೀಸು ಮೆತ್ತಿಕೊಳ್ಳುವುದು, ಹೆಂಡತಿ ಹಿತ್ತಲಲ್ಲಿ ಅದನ್ನು ಬಿಡಿಸುವುದು, ಆ ಸಂಸಾರ ಇಷ್ಟು ವರ್ಷ ನಡೆದದ್ದೇ ಹೀಗೆ.

ಶೆಡ್ಡು ಎಂದರೆ ರಸ್ತೆಗೆ ಬಾಯಿ ತೆರೆದ ತಗಡಿನ ಮಾಡು. ಅದರ ಬೆನ್ನಿಗೆ ಎರಡು ಕೋಣೆ, ಅಡಿಗೆಮನೆ, ಹಿತ್ತಲು. ಶೆಡ್ಡಿನ ಯಜಮಾನರು ಮಾವ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿ, ಒಳಗೆ ಎಲ್ಲಿ ನೋಯುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಅದಕ್ಕೇ ಕಿವಿಮೇಸ್ತ್ರಿ ಎಂಬ ಹೆಸರು. ಅಷ್ಟು ಒಳ್ಳೆಯ ಕಿವಿ ಇದ್ದವರ ಕಣ್ಣಿನ ಬಗ್ಗೆ ಯಾರು ಯೋಚಿಸುತ್ತಾರೆ? ಮಗ, ಅಂದರೆ ಸೊಸೆಯ ಗಂಡ, ಅಪ್ಪನ ಬಳಿಯೇ ಕೆಲಸ ಕಲಿತು ಈಗ ಅಪ್ಪನ ಜೊತೆಯೇ ಗುದ್ದಾಡುತ್ತಿದ್ದ.

ಆ ತಿಂಗಳು ಗುದ್ದಾಟ ಜೋರಾಗಲು ಕಾರಣ ಗೂಳಿ. ಹಲ್ಲಿನ ಡಾಕ್ಟರೊಬ್ಬರ ಹಳೆಯ ಭಾರಿ ಬೈಕಿಗೆ ಶೆಡ್ಡಿನವರು ಇಟ್ಟ ಹೆಸರು ಅದು. ಎರಡು ಸಿಲಿಂಡರು. ಒಳಗಿನ ವಾಲ್ವುಗಳನ್ನು ಕುಣಿಸಲು ಬೇರೆ ಬೈಕುಗಳಲ್ಲಿ ಚೈನು ಇದ್ದರೆ ಇದಕ್ಕೆ ಸಿಲಿಂಡರಿಗೊಂದರಂತೆ ಹಲ್ಲಿನ ರಬ್ಬರ್ ಬೆಲ್ಟು. ಇಂಜಿನ್ನಿನ ತಲೆಗೂ ಮೈಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ಟು ಎರಡೂ ಕಡೆ ಸುಟ್ಟು, ಎಣ್ಣೆ ಜಿನುಗಿ ಜಿನುಗಿ ಬೆಲ್ಟುಗಳು ಅದರಲ್ಲೇ ನೆಂದುಹೋಗಿದ್ದವು.

“ಡಾಕ್ಟ್ರೇ, ನಿಮ್ಮ ಕೆಲಸದಲ್ಲಿ ಒಂದು ಹಲ್ಲು ಹೋದ್ರೆ ಪಕ್ಕದ್ದರಲ್ಲಿ ಅಗೀಬಹುದು,” ಎಂದರು ಮಾವ, ಕೈ ಒರೆಸಿಕೊಳ್ಳುತ್ತ. “ಇಲ್ಲಿ ಹಲ್ಲು ಜಾರಿತೋ, ವಾಲ್ವಿಗೂ ಪಿಸ್ಟನ್ನಿಗೂ ಮುಖಾಮುಖಿ ಡಿಕ್ಕಿ. ಇಂಜಿನ್ ಅಲ್ಲೇ ಹಿಡ್ಕೊಳ್ಳುತ್ತೆ.”

“ಓಡ್ತಾ ಇರುವಾಗ ಹಿಡ್ಕೊಂಡ್ರೆ?”

“ಹಿಂದಿನ ಚಕ್ರ ನಿಂತು ಹೋಗುತ್ತೆ. ಮೇಲೆ ಕೂತವರು ನಿಲ್ಲಲ್ಲ.”

ಡಾಕ್ಟರು ನಕ್ಕರು. ಕಿಟಕಿಯ ಬಳಿ ಬಟಾಣಿ ಸುಲಿಯುತ್ತಿದ್ದ ಸೊಸೆಗೆ ನಗು ಬರಲಿಲ್ಲ. ಯಾಕೆಂದರೆ ಆ ಬೈಕನ್ನು ಮೊದಲು ಓಡಿಸುವವನು ಡಾಕ್ಟರಲ್ಲ, ಅವಳ ಗಂಡ.

ಮಾವನ ಅಪ್ಪನ ಕಾಲದಿಂದ ಆ ಶೆಡ್ಡಿಗೊಂದು ಕಟ್ಟಳೆಯಿತ್ತು. ಬಿಚ್ಚಿ ಕಟ್ಟಿದ ಗಾಡಿ ಯಜಮಾನನ ಕೈ ಸೇರುವ ಮೊದಲು ಶೆಡ್ಡಿನವರೇ ಅದನ್ನು ಓಡಿಸಿ ನೋಡಬೇಕು. ಓಡಿಸುವವನು ಯಾರಾದರೂ ಆಗಲಿ, ಕಟ್ಟಿದವನು ಹಿಂದೆ ಕೂರಬೇಕು. ತನ್ನ ಕೈಕೆಲಸದ ಮೇಲೆ ತನ್ನ ಜೀವ ಇಡಲಾರದವನು ಊರವರ ಜೀವ ಇಡಬಾರದು ಎಂಬುದು ಅದರ ಅರ್ಥ. ಈಗೀಗ ಮಾವ ಹ್ಯಾಂಡಲ್ ಮುಟ್ಟುತ್ತಲೇ ಇರಲಿಲ್ಲ. “ನಂಗೆ ವಯಸ್ಸಾಯ್ತು, ನೀನೇ ಓಡಿಸು,” ಎಂದು ಮಗನ ಹಿಂದೆ ಕೂರುತ್ತಿದ್ದರು.

ಊಟದ ಹೊತ್ತಿಗೆ ಮಾತು ಶುರುವಾಯಿತು.

“ಗೂಳಿ ಪೂರ್ತಿ ನಾನೇ ಮಾಡ್ತೀನಿ ಅಪ್ಪ,” ಎಂದ ಗಂಡ, ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ.

“ಹೆಡ್ ನೀನು ಕೂರಿಸು. ಬೆಲ್ಟ್ ನಂದು.”

“ಎರಡೂ ಒಬ್ಬನೇ ಮಾಡಿದ್ರೆ ಏನಾಗುತ್ತೆ?”

“ಏನೂ ಆಗಲ್ಲ. ಆದ್ರೆ ಬೆಲ್ಟ್ ನಂದು.”

“ನಾನು ಇನ್ನೂ ಎಷ್ಟು ವರ್ಷ ನಟ್ಟು ಬಿಗೀತಾ ಇರ್ಲಿ? ನಂಗೂ ತಲೆ ನೆರೀತಾ ಬಂತು.”

“ನೆರೆದ ತಲೆಗೆ ಬಣ್ಣ ಹಚ್ಕೋ. ಬೆಲ್ಟ್ ಮುಟ್ಬೇಡ. ಕವರ್ ಮುಚ್ಚೋ ತನಕ ಆ ಕಡೆ ತಲೆ ಹಾಕಬೇಡ, ನಂಗೆ ಯಾರಾದ್ರೂ ಹೆಗಲ ಮೇಲೆ ನಿಂತ್ರೆ ಕೈ ಓಡಲ್ಲ.”

“ಅಮ್ಮ ನಿಂತ್ರೆ ಓಡುತ್ತಾ?”

ಅತ್ತೆಯ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ಬಡಿಯಿತು. “ನಾನು ಟೀ ಕೊಡೋಕೆ ಹೋಗೋದು ಕಣೋ,” ಎಂದರು.

ಆ ವಾರವೇ ಸೊಸೆಗೆ ಟೀಯ ಕತೆ ತಿಳಿದದ್ದು. ಗಂಡ ಹೊರಗೆ ಹೋಗಿದ್ದ. ಕಸದ ಬುಟ್ಟಿ ತರಲೆಂದು ಅವಳು ಶೆಡ್ಡಿನ ಹಿಂಬಾಗಿಲಿಗೆ ಬಂದಾಗ ಲೋಟ ಬೆಂಚಿನ ಮೇಲೆ ಹಬೆಯಾಡುತ್ತಿತ್ತು. ಯಾವುದೋ ಸಣ್ಣ ಬೈಕಿನ ಮುಂದೆ ಅತ್ತೆ ಮಂಡಿಯೂರಿ ಕೂತಿದ್ದರು, ಕೈಯಲ್ಲಿ ಟಾರ್ಚು.

“ಇನ್ನೂ ಚೂರು ಮುಂದೆ… ಹಾಂ… ಜಾಸ್ತಿ ಆಯ್ತು, ಹಿಂದೆ ಬನ್ನಿ.”

“ಈಗ?”

“ಈಗ ಗೀಟಿಗೆ ಗೀಟು ಸೇರ್ತು.”

“ಸರಿಯಾಗಿ ನೋಡೇ.”

“ನೋಡಿದೆ ರೀ. ನೂಲಿನಷ್ಟೂ ಆಚೀಚೆ ಇಲ್ಲ.”

ಇಂಜಿನ್ನಿನ ಹಲ್ಲುಚಕ್ರದ ಮೇಲಿನ ಗೀಟು ಪಕ್ಕದ ಗೀಟಿಗೆ ನೇರ ಬಂದರೆ ಮಾತ್ರ ವಾಲ್ವುಗಳ ತಾಳ ಸರಿ. ಆದರೆ ಮಾವನ ಮುಖ ಆ ಗೀಟಿನ ಕಡೆಗೆ ಇರಲೇ ಇಲ್ಲ. ಅವರು ಗೋಡೆಯ ಕಡೆ ತಿರುಗಿ, ಬೆರಳಿನಲ್ಲೇ ಚಕ್ರ ತಿರುಗಿಸುತ್ತಿದ್ದರು. ಸೊಸೆ ಬುಟ್ಟಿಯನ್ನು ಅಲ್ಲೇ ಬಿಟ್ಟು ವಾಪಸು ಬಂದಳು. ಆದರೆ ಅತ್ತೆ ನೋಡಿಬಿಟ್ಟಿದ್ದರು. ಹಿತ್ತಲಿಗೆ ಹಿಂದೆಯೇ ಬಂದರು.

“ಎದುರಿಗಿದ್ದದ್ದು ಹೊಗೆ ತುಂಬಿದ ಹಾಗೆ ಕಾಣುತ್ತಂತೆ. ಪಕ್ಕದಲ್ಲಿ ಸ್ವಲ್ಪ ತಿಳಿಯುತ್ತಂತೆ, ಅಷ್ಟೇ.”

“ಕಣ್ಣಿನ ಡಾಕ್ಟರಿಗೆ ತೋರಿಸಬೇಕಲ್ಲ ಅತ್ತೆ?”

“ತೋರಿಸಾಯ್ತು. ಆಪರೇಷನ್ ಅಂದ್ರು. ಕಣ್ಣಿಗೆ ಕತ್ತಿ ಹಾಕಿಸ್ಕೊಳ್ಳಲ್ಲ ಅಂತ ಇವರು ಎದ್ದು ಬಂದ್ರು.”

“ನಿಮ್ಮ ಮಗನಿಗಾದ್ರೂ ಹೇಳಿ.”

“ಅವನಿಗಾ? ಗೊತ್ತಾದ ಗಳಿಗೇಲಿ ಅಪ್ಪನ ಕೈಯಿಂದ ಸ್ಪ್ಯಾನರ್ ಕಿತ್ಕೋತಾನೆ. ಆಮೇಲೆ ಇವರು ಉಳಿಯಲ್ಲ ಕಣೇ. ಗೂಳಿ ಒಂದು ಮುಗೀಲಿ. ನಾನೇ ಕೈ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ನನ್ನಾಣೆ.”

“ನಿಮ್ಮ ಮಗ ಆ ಬೈಕ್ ಮೇಲೆ ಕೂರ್ತಾರೆ ಅತ್ತೆ.”

“ನನ್ನ ಗಂಡ ಹಿಂದೆ ಕೂರಲ್ವಾ? ನನ್ನ ಕಣ್ಣು ಚೆನ್ನಾಗಿದೆ. ಗೀಟು ತಪ್ಪಲ್ಲ.”

ಸೊಸೆಯ ಪಾಲಿಗೆ ಅದು ಬಿಸಿ ತುಪ್ಪವಾಯಿತು, ಉಗುಳಲೂ ಆಗದು, ನುಂಗಲೂ ಆಗದು. ಗಂಡ ಬಂದಾಗ ಹೇಳಬೇಕೆಂದುಕೊಂಡಳು. ಅವನು ಬಂದವನೇ ಅಪ್ಪನ ಮೇಲೆ ಹಾರಾಡುತ್ತಿದ್ದ. ಈ ಸಿಟ್ಟಿನಲ್ಲಿ ಹೇಳಿದರೆ ಮನೆ ಎರಡಾಗುತ್ತದೆ ಎಂದು ಸುಮ್ಮನಾದಳು. ಮಾರನೆಯ ದಿನ ಅವನು ಚೆನ್ನಾಗಿದ್ದ. ಒಳ್ಳೆಯ ಮೂಡು ಕೆಡಿಸುವುದೇಕೆ ಎಂದು ಮತ್ತೆ ಸುಮ್ಮನಾದಳು. ಹೇಳದಿರಲು ಮನಸ್ಸು ಮಾಡಿದವರಿಗೆ ನೆಪಕ್ಕೇನು ಬರ?

ಗ್ಯಾಸ್ಕೆಟ್ಟು, ಬೆಲ್ಟುಗಳ ಪಾರ್ಸಲ್ಲು ಬಂತು. ಗಂಡ ಒಂದು ಬೆಲ್ಟನ್ನು ಅಡಿಗೆಮನೆಗೇ ತಂದು ಹೆಂಡತಿಗೆ ತೋರಿಸಿದ. ಕಪ್ಪು ರಬ್ಬರು, ಬೆನ್ನ ಮೇಲೆ ಬಿಳಿ ಅಕ್ಷರ, ಬಿಳಿ ಬಾಣ.

“ಈ ಬಾಣ ಯಾಕೆ ಗೊತ್ತಾ? ಇಂಜಿನ್ ಯಾವ ಕಡೆ ತಿರುಗುತ್ತೋ ಆ ಕಡೆಗೇ ಇದೂ ಮುಖ ಮಾಡಬೇಕು.”

“ನಿಮ್ಮಪ್ಪನ ಮಾತಿಗೆ ನೀವು ತಿರುಗೋ ಹಾಗೆ,” ಎಂದಳು ಸೊಸೆ. ಅವನು ನಕ್ಕು ಬೆಲ್ಟಿನಿಂದ ಅವಳ ತೋಳಿಗೊಂದು ಏಟು ಕೊಟ್ಟ.

ಮಡಚಿಕೊಂಡು ಬಂದ ಬೆಲ್ಟನ್ನು ತಕ್ಷಣ ಹಾಕಬಾರದು, ಕೆಲವು ದಿನ ತೂಗುಬಿಟ್ಟು ಮಡಿಕೆ ಬಿಡಿಸಬೇಕು ಎಂಬುದು ಮಾವನ ಪದ್ಧತಿ. ಹಿಂಬಾಗಿಲ ಪಕ್ಕದ ಮೊಳೆಗೆ ಎರಡನ್ನೂ ನೇತುಹಾಕಿದರು. ಅತ್ತ ಗಂಡ ಹೆಡ್ಡಿನ ಮೇಲೆ ಅಂಟಿದ್ದ ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಮೊಂಡು ಬ್ಲೇಡಿನಿಂದ ಕೆರೆಯುತ್ತ ಕೂತ. ಗೀರು ಬೀಳಬಾರದು, ಧೂಳೂ ಉಳಿಯಬಾರದು. ಹೊಸ ಗ್ಯಾಸ್ಕೆಟ್ಟು ಕೂರಿಸಿ, ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದ. ಮಾವ ಬಂದು ಹೆಬ್ಬೆರಳಿನಿಂದ ಅಂಚು ಸವರಿ, “ಪರವಾಗಿಲ್ಲ,” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಬಿರುದು.

ಬಿಚ್ಚಿ ಬಿಸಾಡಿದ್ದ ಹಳೆಯ ಬೆಲ್ಟುಗಳು ಅತ್ತೆಯ ಕಣ್ಣಿಗೆ ಬೀಳದೆ ಇರುತ್ತವೆಯೇ? ಬಿಸಿನೀರು, ಸೋಪಿನ ಪುಡಿ, ಗೋಣಿನಾರು ಹಿಡಿದು ಕೂತರು.

“ಅದನ್ಯಾಕೆ ತೊಳೀತೀರ ಅತ್ತೆ, ಎಸೆಯೋದಲ್ವಾ?”

“ಗಟ್ಟಿಯಾಗಿದೆ ಕಣೇ. ಏನಾದ್ರೂ ಕಟ್ಟೋಕೆ ಬರುತ್ತೆ.” ಎಣ್ಣೆಯೆಲ್ಲ ಹೋಗಿ ಬೆಲ್ಟುಗಳು ಕರಿ ಬೆಕ್ಕಿನಂತೆ ಮೈ ಹೊಳೆಯಿಸಿಕೊಂಡು ಹಿತ್ತಲ ಗೋಡೆಯ ಮೇಲೆ ಮಲಗಿದವು. ಹೊರಗಿನ ಎಣ್ಣೆ ಹೋಗಿ, ಮುಟ್ಟಿದರೆ ಹೊಸದರ ಹಾಗೆಯೇ ಇತ್ತು. ರಬ್ಬರಿನ ಒಳಗೆ ಇಳಿದದ್ದು ಸೋಪಿಗೆ ಬಗ್ಗುವುದಿಲ್ಲ.

ಆ ಸಂಜೆ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ಆಕಾಶ ಕಪ್ಪಿಟ್ಟು, ಧೂಳು ಕಣ್ಣಿಗೆ ನುಗ್ಗಿತು. ಅತ್ತೆ ಗೋಡೆಯ ಮೇಲಿದ್ದುದನ್ನೆಲ್ಲ ಬಾಚಿಕೊಂಡು ಶೆಡ್ಡಿಗೆ ಓಡಿ, ಬೆಲ್ಟುಗಳನ್ನು ಅದೇ ಮೊಳೆಗೆ ಸಿಕ್ಕಿಸಿ ಒಳಗೆ ಹೋದರು. ಸೊಸೆ ಬಟ್ಟೆ ಎತ್ತುತ್ತಿರುವಾಗಲೇ ಕಂಬದ ಕೊಂಡಿ ಕಿತ್ತು, ಹಗ್ಗ ಸಮೇತ ತೊಳೆದ ಬಟ್ಟೆಯೆಲ್ಲ ಮಣ್ಣಿಗೆ ಬಿತ್ತು.

“ಅತ್ತೆ, ಹಗ್ಗ ಕಟ್ಟೋಕೆ ಏನಾದ್ರೂ ಕೊಡಿ!”

“ಮೊಳೇಲಿ ಹಳೇ ಬೆಲ್ಟಿದೆ ನೋಡು, ತಗೋ!” ಎಂದು ಅತ್ತೆ ಅಡಿಗೆಮನೆಯ ಕಿಟಕಿ ಮುಚ್ಚುತ್ತ ಕೂಗಿದರು.

ಸೊಸೆ ಓಡಿಬಂದು, ಮಬ್ಬಿನಲ್ಲಿ ಮೊಳೆಯ ಮೇಲಿನ ಒಂದು ಬೆಲ್ಟನ್ನು ಎಳೆದುಕೊಂಡಳು. ಈಗಷ್ಟೇ ಹಾಕಿದ್ದು ಮೇಲೇ ಇರಬೇಕಲ್ಲ. ಕಂಬಕ್ಕೆ ಸುತ್ತಿ, ಒಳಗೆ ಹಗ್ಗ ತೂರಿಸಿ ಬಿಗಿದು ಕಟ್ಟಿದಳು. ಬಟ್ಟೆಯನ್ನು ಮತ್ತೆ ಜಾಲಿಸಬೇಕಾಯಿತು.

ಬೆಲ್ಟು ಕೂರಿಸುವ ದಿನ ಮಾವ ಮಗನನ್ನು ಪೇಟೆಗೆ ಅಟ್ಟಿದರು. ಅತ್ತೆ ಟೀ ಲೋಟ ಹಿಡಿದು ಶೆಡ್ಡಿಗೆ ನಡೆದರು. ಸೊಸೆ ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕಿವಿ ಅತ್ತ ಇಟ್ಟಿದ್ದಳು.

“ಬೆಲ್ಟ್ ಕೊಡೇ,” ಎಂದದ್ದು ಕೇಳಿಸಿತು. ಮೊಳೆಯಿಂದ ತೆಗೆದ ಸದ್ದು. ಆಮೇಲೆ ಎಂದಿನ ಮಾತು: ಇನ್ನೂ ಚೂರು, ಜಾಸ್ತಿ ಆಯ್ತು, ಸೇರ್ತು. ಬಹಳ ಹೊತ್ತು ನಡೆಯಿತು. ಕೊನೆಗೆ ಕವರ್ ಮುಚ್ಚಿ ಸ್ಕ್ರೂ ಬಿಗಿದ ಮೇಲೆ ಅತ್ತೆ ಬೆವರು ಒರೆಸಿಕೊಳ್ಳುತ್ತ ಬಂದು ತುಂಬಿದ ಲೋಟವನ್ನು ನಲ್ಲಿಯ ಬುಡದಲ್ಲಿ ಇಟ್ಟರು. “ಗೀಟು ಗೀಟಿಗೆ ಕೂತಿದೆ,” ಎಂದು ಸೊಸೆಯ ಕಿವಿಯಲ್ಲಿ ಹೇಳಿ, ಅಂದು ಮೊದಲ ಬಾರಿ ನಕ್ಕರು.

ಗಂಡ ಬಂದು ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ ನೋಡಿದ. ಎಲ್ಲೂ ತಡೆಯಿಲ್ಲ. ಸ್ಟಾರ್ಟ್ ಮಾಡಿದರೆ ಗಡಿಯಾರದ ಹಾಗೆ ಓಡಿತು. ಮಾವ ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚಿ ತಲೆದೂಗಿದರು. ಗಂಡನಿಗೆ ಖುಷಿಯೂ ಆಗಿತ್ತು, ಒಳಗೆಲ್ಲೋ ಸೋತಂತೆಯೂ ಆಗಿತ್ತು. ಕೈ ತೊಳೆಯಲು ಹಿತ್ತಲಿಗೆ ಬಂದವನು ಹೆಂಡತಿಯನ್ನು ತಗ್ಗಿದ ದನಿಯಲ್ಲಿ ಕೇಳಿದ.

“ಅಪ್ಪ ಒಬ್ಬರೇ ಕೂರಿಸಿದ್ರಾ?”

ಅವಳ ಕೈಯಲ್ಲಿ ತಂಬಿಗೆಯಿತ್ತು. ಇದೇ ಗಳಿಗೆ, ಈಗ ಹೇಳಬೇಕು, ಎಂದು ಅವಳಿಗೆ ಗೊತ್ತಿತ್ತು. ಅಡಿಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು.

“ಹೂಂ. ಒಬ್ಬರೇ,” ಎಂದು ನೀರು ಹುಯ್ದಳು.

ಬೆಳಿಗ್ಗೆ ಬ್ರೆಡ್ಡು, ಮೊಟ್ಟೆ ತಿಂದು ಅಪ್ಪ ಮಗ ಹೊರಟರು. ಗಂಡ ಮುಂದೆ, ಮಾವ ಹಿಂದೆ. ಮಾವ ತೊಳೆದ ಅಂಗಿ ಹಾಕಿ, ಮಗನ ಹೆಗಲ ಮೇಲೆ ಕೈಯಿಟ್ಟು ಕೂತಿದ್ದರು, ಮದುವೆಗೆ ಹೊರಟವರ ಹಾಗೆ.

“ನಿಧಾನ. ಇವತ್ತು ಕಿವಿ ಹಿಂಡಬೇಡ,” ಎಂದರು. ಆಕ್ಸಿಲರೇಟರ್ ತಿರುಗಿಸುವುದಕ್ಕೆ ಆ ಶೆಡ್ಡಿನಲ್ಲಿ ಅದೇ ಮಾತು.

“ಕೊನೇಲಿ ಒಂದು ಸಲ, ಮರದ ಮಿಲ್ಲಿನ ತಿರುವಲ್ಲಿ. ಬೀದಿಗೆ ಗೊತ್ತಾಗ್ಲಿ ಗೂಳಿ ಎದ್ದಿದೆ ಅಂತ.”

“ಗೊತ್ತಾಗೋದು ಬೇಡ.”

ಬೈಕು ಇಳಿಜಾರಿನಲ್ಲಿ ಮರೆಯಾಯಿತು. ಸೊಸೆ ಕಂಬಳಿ, ಹೊದಿಕೆಗಳನ್ನೆಲ್ಲ ಒಗೆದು ಹಗ್ಗಕ್ಕೆ ಹಾಕಿದಳು. ಕೈ ಖಾಲಿ ಬಿಟ್ಟರೆ ಮನಸ್ಸು ಕೆಟ್ಟದ್ದನ್ನೇ ನೆನೆಯುತ್ತಿತ್ತು. ನೆಂದ ಕಂಬಳಿಯ ಭಾರಕ್ಕೆ ಹಗ್ಗ ಜಗ್ಗಿ, ಕಂಬದ ಬೆಲ್ಟು ಕಿರುಗುಟ್ಟುತ್ತ ಅರ್ಧ ಸುತ್ತು ತಿರುಗಿತು. ಸರಿಮಾಡಲು ಕೈಯೆತ್ತಿದವಳು ಹಾಗೇ ನಿಂತಳು.

ಬೆಲ್ಟಿನ ಬೆನ್ನ ಮೇಲೆ ಬಿಳಿ ಅಕ್ಷರ. ಅದರ ಪಕ್ಕದಲ್ಲಿ ಬಿಳಿ ಬಾಣ. ಬಾಣ ಕಂಬದ ಬುಡದ ಕಡೆ ಮುಖ ಮಾಡಿತ್ತು.

“ಅತ್ತೆ! ಅತ್ತೆ, ಬನ್ನಿ ಇಲ್ಲಿ!”

ಅತ್ತೆ ಹಿಟ್ಟಿನ ಕೈಯಲ್ಲೇ ಬಂದರು. ನೋಡಿದರು. ಸ್ವಲ್ಪ ಹೊತ್ತು ಅವರಿಗೆ ಏನೂ ಅರ್ಥವಾದಂತೆ ಕಾಣಲಿಲ್ಲ.

“ಇದು ಹೊಸದು ಅತ್ತೆ. ಅವತ್ತು ಮೊಳೇಲಿ ಮೇಲಿದ್ದಿದ್ದನ್ನೇ ತಗೊಂಡೆ ನಾನು.”

“ಮೇಲಿದ್ದದ್ದು…” ಅತ್ತೆಯ ದನಿ ಇಳಿಯಿತು. “ಒದ್ದೆ ಬೆಲ್ಟು ಗೋಡೆ ಕಡೆ ಹಾಕಿ, ಹೊಸದನ್ನ ಮೇಲೆ ಹಾಕಿದ್ದೆ ಕಣೇ. ಕೊಳೆ ತಾಗಬಾರದು ಅಂತ.”

“ಮಾವ ಕೇಳಿದಾಗ ಯಾವುದು ಕೊಟ್ರಿ?”

“ಮೇಲಿಂದ ಎರಡು.”

ಹಾಗಾದರೆ ಒಂದು ಹೊಸದು, ಒಂದು ಸೋಪಿನಲ್ಲಿ ತೊಳೆದದ್ದು. ಗಂಡನ ಫೋನು ಅಡಿಗೆಮನೆಯ ಗೂಡಿನಲ್ಲೇ ಇತ್ತು. ಗಾಡಿ ಪರೀಕ್ಷೆಗೆ ಹೋಗುವಾಗ ಅವನು ಅದನ್ನು ಒಯ್ಯುತ್ತಿರಲಿಲ್ಲ. ಸೊಸೆ ಬರಿಗಾಲಿನಲ್ಲಿ ರಸ್ತೆಗೆ ಓಡಿದಳು. ಅತ್ತೆ ಹಿಂದೆಯೇ ಬಂದು ಅವಳ ತೋಳು ಹಿಡಿದುಕೊಂಡರು.

ಅಷ್ಟರಲ್ಲಿ ದೂರದಿಂದ ಸದ್ದು ಕೇಳಿಸಿತು. ಗೂಳಿಯದೇ. ಅಡ್ಡಿಯಿಲ್ಲದ, ತುಂಬು ಸದ್ದು. ಸೊಸೆಗೆ ಎದೆಯ ಕಲ್ಲು ಇಳಿದಂತಾಗಿ ಕಣ್ಣಲ್ಲಿ ನೀರು ಬಂತು. ಬಂದರು, ಬಂದುಬಿಟ್ಟರು, ಇನ್ನು ಇಳಿಸಿ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡಳು. ಸದ್ದು ಮರದ ಮಿಲ್ಲಿನ ಹತ್ತಿರ ಬಂತು. ಅಲ್ಲಿ ಒಮ್ಮೆಲೇ ಏರಿತು. ಅವನು ಕಿವಿ ಹಿಂಡಿದ್ದ.

ಏರಿದ ಸದ್ದು ಇಳಿಯಲಿಲ್ಲ, ನಿಂತೇಹೋಯಿತು. ಆಮೇಲೆ ಕಬ್ಬಿಣ ರಸ್ತೆಗೆ ಉಜ್ಜಿದ ಸದ್ದು. ಆಮೇಲೆ ಮಿಲ್ಲಿನ ಕೂಲಿಗಳ ಕೂಗು.

ಮಾವನಿಗೆ ತರಚು ಗಾಯ, ಮುಂಗೈಗೆ ಪೆಟ್ಟು. ಗಂಡನ ಮಂಡಿ ಬೈಕಿನ ಅಡಿಗೆ ಸಿಕ್ಕಿ ಪುಡಿಯಾಗಿತ್ತು. ಆಸ್ಪತ್ರೆಯವರು ಕಂಬಿ ಹಾಕಿ ಹೊಲಿದರು. ನಡೆಯುತ್ತಾನೆ, ಆದರೆ ಮಂಡಿ ಪೂರ್ತಿ ಮಡಚುವುದಿಲ್ಲ ಎಂದರು. ಇಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂರುವುದೇ ಬದುಕಾದವನಿಗೆ ಅದಕ್ಕಿಂತ ಹೆಚ್ಚಿನದೇನನ್ನೂ ಹೇಳಬೇಕಾಗಿರಲಿಲ್ಲ.

ಆಸ್ಪತ್ರೆಯ ಓಣಿಯಲ್ಲೇ ಅತ್ತೆ ಸೊಸೆಯ ಕೈ ಹಿಡಿದಿದ್ದರು. “ಬಾಯಿ ಬಿಡಬೇಡ ಕಣೇ. ಮಗನ ಕಾಲು ಮುರಿದದ್ದು ತಾನೇ ಅಂತ ಗೊತ್ತಾದ್ರೆ ಇವರು ಹಗ್ಗ ಹುಡುಕ್ತಾರೆ.” ಸೊಸೆ ಮನೆಗೆ ಬಂದವಳು ಕಂಬದಿಂದ ಬೆಲ್ಟು ಬಿಚ್ಚಿ ಅಕ್ಕಿ ಡಬ್ಬದ ತಳಕ್ಕೆ ಸೇರಿಸಿದಳು. ಅಂದಿನಿಂದ ದಿನಾ ಅದರ ಮೇಲಿನ ಅಕ್ಕಿಯನ್ನೇ ಅಳೆದು ಬೇಯಿಸಿದಳು.

ಗೂಳಿ ತಾಡಪಾಲಿನ ಅಡಿಗೆ ಶೆಡ್ಡಿನ ಮೂಲೆ ಸೇರಿತು. ಮಾವ ಕವರ್ ಬಿಚ್ಚಿ ಕೈಯಾಡಿಸಿ, ಬೆಲ್ಟಿನ ಹಲ್ಲು ಉದುರಿವೆ ಎಂದಷ್ಟೇ ಹೇಳಿದರು. ವಾರಗಳು ಕಳೆದವು. ಊಟಕ್ಕೆ ಕೂತಾಗಲೆಲ್ಲ ಗಂಡನ ಕಾಲು ಪಕ್ಕದ ಸ್ಟೂಲಿನ ಮೇಲೆ ನೇರವಾಗಿ ಚಾಚಿರುತ್ತಿತ್ತು, ಮನೆಗೆ ಬಂದ ಐದನೆಯವರ ಹಾಗೆ.

“ತಪ್ಪು ನಂದೇ,” ಎನ್ನುತ್ತಿದ್ದ. “ಅಪ್ಪ ಬೇಡ ಅಂದ್ರು. ಬೀದಿಗೆ ತೋರಿಸೋಕೆ ಹೋಗಿ ಕಿವಿ ಹಿಂಡಿದೆ.”

“ಹೊಸ ಬೆಲ್ಟು. ಅಷ್ಟು ಎಳೀಬಾರದಿತ್ತು,” ಎನ್ನುತ್ತಿದ್ದರು ಮಾವ, ತಟ್ಟೆಯ ಅಂಚನ್ನು ಬೆರಳಿನಿಂದ ಹುಡುಕುತ್ತ.

“ಅಪ್ಪನ್ನೂ ಬೀಳಿಸಿಬಿಟ್ಟೆ. ನನ್ನ ಕೈಗೆ ಶೆಡ್ ಕೊಡದೇ ಇದ್ದದ್ದು ಸರಿಯಾಗೇ ಇತ್ತು.”

ಅತ್ತೆ ಬಡಿಸುತ್ತಿದ್ದರು. ಸೊಸೆ ನೀರು ಹಾಕುತ್ತಿದ್ದಳು. ಎಂಥ ಮಾತಿಗೂ ಎದುರುತ್ತರ ಕೊಡುತ್ತಿದ್ದ ಮನುಷ್ಯ ದಿನದಿನಕ್ಕೆ ತಲೆ ತಗ್ಗಿಸಿಕೊಂಡು ಉಣ್ಣುವುದನ್ನು ನೋಡುವುದು ಅವಳಿಗೆ ಮುರಿದ ಕಾಲಿಗಿಂತ ಕಷ್ಟವಾಗುತ್ತಿತ್ತು. ಆಸ್ಪತ್ರೆಗೆ ಕಣ್ಣು ತೋರಿಸುವ ಮಾತನ್ನು ಅತ್ತೆ ಎತ್ತಲಿಲ್ಲ. ಎತ್ತಿದರೆ ಈಗ ಯಾಕೆ ಎಂದು ಮಗ ಕೇಳುತ್ತಾನೆ.

ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಒಬ್ಬಳು ಹೆಂಗಸು ಬಂದು ನಿಂತಳು, ಬೀದಿಯ ಶಾಲೆಯ ಟೀಚರು. ಅವಳ ಬೈಕಿನ ಇಂಜಿನ್ನು ಹೊಗೆ ಕಾರುತ್ತಿತ್ತು. ಮುಂದೊಂದು, ಹಿಂದೊಂದು ಮಗು ಕೂರಿಸಿಕೊಂಡು ಹೋಗುವ ಬೈಕು. ಮಾವ ಸ್ಕ್ರೂಡ್ರೈವರ್ ಕಿವಿಗಿಟ್ಟು, “ಹೆಡ್ ಗ್ಯಾಸ್ಕೆಟ್ ಹೋಗಿದೆ. ಟೈಮಿಂಗ್ ಚೈನೂ ಜೋತಿದೆ. ಬಿಟ್ಟು ಹೋಗಿ,” ಎಂದರು.

ಮಧ್ಯಾಹ್ನದ ಅಡಿಗೆಗೆ ಮೊದಲು ಸೊಸೆ ನೋಡಿದಳು. ಅತ್ತೆ ಒಲೆಯ ಮೇಲಿನ ಟೀಯನ್ನು ಲೋಟಕ್ಕೆ ಬಗ್ಗಿಸುತ್ತಿದ್ದರು. ಇನ್ನೊಂದು ಕೈಯಲ್ಲಿ ಟಾರ್ಚು.

“ಅತ್ತೆ.”

“ಏನು?”

“ಆ ಮಕ್ಕಳು ಕೂರೋ ಗಾಡಿ ಅದು.”

ಅತ್ತೆ ಅವಳ ಮುಖ ನೋಡಲಿಲ್ಲ. “ಹೊಟ್ಟೆ ನಡೀಬೇಕಲ್ಲ. ಈಗ ಕೂತು ಮಾಡೋರು ಇವರೊಬ್ಬರೇ ತಾನೆ,” ಎಂದು ಹಿಂಬಾಗಿಲ ಕಡೆ ನಡೆದರು.

ಊಟಕ್ಕೆ ಎಲ್ಲರೂ ಕೂತರು. ಸೊಸೆ ಅನ್ನದ ಪಾತ್ರೆ ತಂದಿಟ್ಟಳು. ಮತ್ತೆ ಒಳಗೆ ಹೋದಳು. ಅಕ್ಕಿ ಡಬ್ಬ ಬಗ್ಗಿಸಿದ ಸದ್ದು ಕೇಳಿ ಅತ್ತೆ ಅರ್ಧ ಎದ್ದರು. ಅಷ್ಟರಲ್ಲಿ ಸೊಸೆ ಬಂದು, ಅಕ್ಕಿಯ ಹುಡಿ ಮೆತ್ತಿದ ಬೆಲ್ಟನ್ನು ಮಾವನ ತಟ್ಟೆಯ ಪಕ್ಕದಲ್ಲಿ ಇಟ್ಟಳು.

“ಏನದು?” ಎಂದರು ಮಾವ. ಬೆರಳು ಅದನ್ನು ಹುಡುಕಿ ಹಿಡಿಯಿತು. ಹಲ್ಲು ಹಲ್ಲಾಗಿ ಸವರಿತು, ಬೆನ್ನು ಮುಟ್ಟಿತು, ಮಡಚಿ ಬಿಟ್ಟು ನೋಡಿತು.

“ಇದು ಹೊಸದು,” ಎಂದರು. “ಗೂಳೀದು. ಇದು ಎಲ್ಲಿತ್ತು?”

“ಬಟ್ಟೆ ಹಗ್ಗಕ್ಕೆ ಕಟ್ಟಿದ್ದೆ ಮಾವ. ಗೊತ್ತಿಲ್ಲದೆ. ಒಳಗೆ ಹೋದದ್ದು ಅತ್ತೆ ತೊಳೆದಿಟ್ಟ ಹಳೇದು.”

ಮಾವ ಹೆಂಡತಿ ಕೂತ ಕಡೆಗೆ, ಸ್ವಲ್ಪ ಪಕ್ಕಕ್ಕೆ, ಮುಖ ತಿರುಗಿಸಿದರು. “ನೀನು ನೋಡಿದ್ಯಲ್ಲೇ?”

“ಗೀಟು ನೋಡಿದೆ,” ಎಂದರು ಅತ್ತೆ. “ನೀವು ಕೇಳಿದ್ದು ಗೀಟು. ಗೀಟು ಸರಿಯಾಗೇ ಇತ್ತು. ಬೆಲ್ಟ್ ಯಾವುದು ಅಂತ ನೀವು ಕೇಳಲಿಲ್ಲ, ನಾನು ನೋಡಲಿಲ್ಲ.”

“ಗೀಟು ಅಮ್ಮನ್ನ ಯಾಕೆ ಕೇಳಬೇಕಿತ್ತು?” ಎಂದ ಗಂಡ.

ಅವನು ಅಪ್ಪನ ಮುಖ ನೋಡಿದ. ಬೆಲ್ಟು ಹಿಡಿದ ಬೆರಳು ನೋಡಿದ, ಗೋಡೆಯ ಕಡೆಗಿದ್ದ ಕಣ್ಣು ನೋಡಿದ. ಅಷ್ಟು ದಿನ ಕಣ್ಣೆದುರಿಗಿದ್ದದ್ದು ಈಗ ಕಂಡಿತು.

“ಕಾಣಲ್ವಾ ಅಪ್ಪ ನಿಮಗೆ?”

“ಕಟ್ಟಿದವನು ಹಿಂದೆ ಕೂತಿದ್ದೆ,” ಎಂದರು ಮಾವ, ಮೆಲ್ಲಗೆ. “ತಪ್ಪಿಸ್ಕೊಳ್ಳಲಿಲ್ಲ ನಾನು.”

ಗಂಡ ಹೆಂಡತಿಯ ಕಡೆ ತಿರುಗಿದ. “ನಿಂಗೆ ಯಾವಾಗಿಂದ ಗೊತ್ತು?”

“ಟೀ ಕುಡಿಯದೆ ವಾಪಸ್ ಬರ್ತಿತ್ತು,” ಎಂದಳು. “ನೀವು ಕೇಳಿದಾಗ ಗೊತ್ತಿತ್ತು.”

ಅವನಿಗೆ ನಲ್ಲಿಯ ಬುಡ, ತಂಬಿಗೆ, ತಾನು ಕೇಳಿದ ಮಾತು ನೆನಪಾಯಿತು. ಸ್ಟೂಲಿನ ಮೇಲಿದ್ದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಟ್ಟ. ಕೂಗಾಡುತ್ತಾನೆ ಎಂದುಕೊಂಡಿದ್ದರು ಎಲ್ಲರೂ. ಅವನು ಕೂಗಲಿಲ್ಲ.

“ಕಟ್ಟಿದವರು ಹಿಂದೆ ಕೂರಬೇಕು ಅನ್ನೋದಾದ್ರೆ, ಅಮ್ಮನೂ ಕೂರಬೇಕಿತ್ತು ಅವತ್ತು,” ಎಂದ. ಆಮೇಲೆ ಹೆಂಡತಿಯ ಮುಖವನ್ನೇ ನೋಡುತ್ತ ಹೇಳಿದ, “ನೀನೂ.”

ಅನ್ನ ಆರುತ್ತಿತ್ತು. ಯಾರೂ ಬಡಿಸಲಿಲ್ಲ.